ಹಳೇ ನಲ್ಲಿ ಬಿಸಾಕುವ ಮುನ್ನ

ಬಚ್ಚಲಿನ ನಲ್ಲಿ ಸೋರುತ್ತೆ ಅಂತ ಪ್ಲಂಬರ್‌ನನ್ನು ಕರೆಸುತ್ತೀರಿ. ಹೊಸ ನಲ್ಲಿಯ ದುಡ್ಡು, ಕೂಲಿ ಎರಡೂ ಕೊಡುತ್ತೀರಿ. ಹೋಗುವಾಗ ಆತ ‘ಹಳೇದು ಬಿಸಾಕ್ಲಾ ಅಮ್ಮಾ?’ ಅನ್ನುತ್ತಾನೆ. ನೀವು ‘ಹೂಂ’ ಅನ್ನುತ್ತೀರಿ. ಅದು ಬೀಳುವುದು ಕಸದ ಬುಟ್ಟಿಗಲ್ಲ, ಅವನ ಚೀಲಕ್ಕೆ. ಅವನದೇನೂ ತಪ್ಪಿಲ್ಲ ಬಿಡಿ, ಕೊಟ್ಟವರು ನಾವೇ.

ಬೆಳ್ಳಿಯಂತೆ ಹೊಳೆಯುವ ಆ ನಲ್ಲಿಯನ್ನು ಒಂದು ಕಡೆ ಅರದಿಂದ ಉಜ್ಜಿ ನೋಡಿ. ಹಳದಿ ಕಂಡರೆ ಹಿತ್ತಾಳೆ. ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟಿದರೆ ಕಬ್ಬಿಣ. ಹಿತ್ತಾಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ತಾಮ್ರ, ಉಳಿದದ್ದು ಬಹುಪಾಲು ಸತು. ಹಾಗಾಗಿ ಗುಜರಿಯಲ್ಲಿ ಕಬ್ಬಿಣಕ್ಕಿಂತ ಅದಕ್ಕೆ ಹಲವು ಪಟ್ಟು ಬೆಲೆ.

ಆಮೇಲೆ ಅದು ಎಲ್ಲಿಗೆ ಹೋಗುತ್ತೆ ಗೊತ್ತೇ? ಗುಜರಾತಿನ ಜಾಮ್‌ನಗರದಲ್ಲಿ ಇದೇ ದೊಡ್ಡ ಕಸುಬು. ಹೊರದೇಶದಿಂದಲೂ ಅಲ್ಲಿಗೆ ಹಳೇ ಹಿತ್ತಾಳೆ ಬರುತ್ತದೆ. ವಾಷರ್, ಕಬ್ಬಿಣದ ಸ್ಕ್ರೂ ಎಲ್ಲ ಆರಿಸಿ ತೆಗೆದು ಕುಲುಮೆಗೆ ಹಾಕುತ್ತಾರೆ. ಹಿತ್ತಾಳೆ ಕರಗಲು 900 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಸತುವೋ 907ಕ್ಕೇ ಕುದಿಯುತ್ತೆ! ಒಂದಿಷ್ಟು ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ. ಸಾರಿಗೆ ಉಪ್ಪು ಸರಿಮಾಡುವ ಹಾಗೆ ಮತ್ತಷ್ಟು ಸತು ಹಾಕಿ ಹದಕ್ಕೆ ತರುತ್ತಾರೆ. ಆ ಹೊಗೆ ಹೆಚ್ಚು ಕುಡಿದ ಕೆಲಸಗಾರರಿಗೆ ಚಳಿಜ್ವರ ಬರುವುದೂ ಉಂಟು. ಹೀಗೆ ಎರಕವಾದದ್ದು ನಟ್ಟು, ಬೋಲ್ಟು, ನಿಮ್ಮ ಮಿಕ್ಸಿ ಪ್ಲಗ್ಗಿನ ಪಿನ್ನು ಆಗುತ್ತದೆ.

ಅಲ್ಲಿಗೆ ಸರಿ. ಆದರೆ ಪಾತ್ರೆಯಾದರೆ? ನಲ್ಲಿ, ಸ್ಕ್ರೂಗಳ ಹಿತ್ತಾಳೆಗೆ ಕಡೆಯಲು ಸುಲಭವಾಗಲಿ ಅಂತ ಸ್ವಲ್ಪ ಸೀಸ ಬೆರೆಸಿರುತ್ತಾರೆ. ಕರಗಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು. ಈಗ ಹಿತ್ತಾಳೆ ಪಾತ್ರೆಯ ಹುಚ್ಚು ಮತ್ತೆ ಬಂದಿದೆಯಲ್ಲ, ಮೂಲ ಗೊತ್ತಿಲ್ಲದ ಅಗ್ಗದ ಎರಕದ ಪಾತ್ರೆ ಅಡುಗೆಗೆ ಬೇಡವೇ ಬೇಡ ಅನ್ನುತ್ತೇನೆ ನಾನು. ಅಟ್ಟದ ಮೇಲೆ ಅತ್ತೆಯವರ ಕಾಲದ, ತಗಡು ಬಡಿದು ಮಾಡಿದ ಕೊಳಗವಿದ್ದರೆ ಇಳಿಸಿ, ಶುದ್ಧ ತವರದಲ್ಲೇ ಕಲಾಯಿ ಹಾಕಿಸಿ. ಹುಣಸೆಹುಳಿ, ಮಜ್ಜಿಗೆ ಮಾತ್ರ ಅದರಲ್ಲಿ ಇಡಬೇಡಿ.

ನಾನಂತೂ ಬುದ್ಧಿಯಿಲ್ಲದೆ ಅಮ್ಮನ ಹಂಡೆ ಕೊಟ್ಟು ಸ್ಟೀಲ್ ಡಬ್ಬಿ ತಂದವಳು. ತೂಕ ಕೂಡ ನೋಡಲಿಲ್ಲ. ಈಗ ಮುರಿದ ನಲ್ಲಿ, ಚಿಲಕ, ಹಳೇ ಬೀಗ ಎಲ್ಲ ಒಂದು ಡಬ್ಬದಲ್ಲಿ ಕೂಡಿಟ್ಟು, ಕಬ್ಬಿಣ ಬೇರೆ ಹಿತ್ತಾಳೆ ಬೇರೆ ಮಾಡಿ, ಕಣ್ಣೆದುರೇ ತೂಗಿಸಿ ಕೊಡುತ್ತೇನೆ. ನಮ್ಮ ಪ್ಲಂಬರ್ ‘ಬಿಸಾಕ್ಲಾ?’ ಅಂತ ಕೇಳೋದನ್ನೇ ಬಿಟ್ಟಿದ್ದಾನೆ.