ಬೆಂಕಿಯಿಲ್ಲದ ಹೊಗೆ

ಬೆಂಕಿಯಿಲ್ಲದೆ ಹೊಗೆಯಾಡದೆಂಬುದು ಲೋಕಾನುಭವದ ಮಾತು. ಈ ಮಾತಿಗೆ ರಸಾಯನಶಾಸ್ತ್ರವು ಒಂದು ಅಪವಾದವನ್ನು ತೋರಿಸಿಕೊಟ್ಟಿದೆ. ಸೀಸೆಯ ಬಿರಡೆಯನ್ನು ತೆಗೆದೊಡನೆ, ಯಾರೂ ಕಿಡಿ ಸೋಕಿಸದಿದ್ದರೂ ದಟ್ಟವಾಗಿ ಹೊಗೆಯಾಡುವ ದ್ರವವೊಂದು ಹದಿನೆಂಟನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಜನ್ಮ ತಳೆಯಿತು. ಅದರ ಹುಟ್ಟಿಗೆ ಕಾರಣವಾದ ಎರಡು ವಸ್ತುಗಳಲ್ಲಿ ಒಂದು ಘೋರವಾದ ವಿಷ. ಮತ್ತೊಂದು ಉಪ್ಪಿನಕಾಯಿಗೆ ಬೆರೆಸುವ ವಿನಿಗರಿನ ನಿರಪಾಯ ಬಂಧು.

ಲೂಯಿ ಕ್ಲೋದ್ ಕಾದೆ ಎಂಬ ಫ್ರೆಂಚ್ ಔಷಧಿಕಾರನು ಅದೃಶ್ಯ ಮಸಿಗಳನ್ನು ಕುರಿತು ಪ್ರಯೋಗ ನಡೆಸುತ್ತಿದ್ದನು. ಇಂಥ ಮಸಿಗೆ ಬೇಕಾದ ಕೋಬಾಲ್ಟ್ ಖನಿಜಗಳಲ್ಲಿ ಆರ್ಸೆನಿಕ್ ಸಹ ಬೆರೆತಿರುತ್ತದೆ. ಈ ಪರಿಶೋಧನೆಯ ದಾರಿಯಲ್ಲಿ ಆತನು ಬಿಳಿಯ ಪಾಷಾಣವನ್ನು ಪೊಟ್ಯಾಸಿಯಂ ಅಸಿಟೇಟಿನೊಡನೆ ಕೂಡಿಸಿ ಬಟ್ಟಿ ಇಳಿಸಿದನು. ಬೆಳ್ಳುಳ್ಳಿಯ ವಾಸನೆಯನ್ನು ನೂರ್ಮಡಿಯಾಗಿ ಹೊತ್ತ, ಹೊಗೆಯುಗುಳುವ ಎಣ್ಣೆಯಂಥ ದ್ರವವು ಇಳಿಯಿತು. 1760ರಲ್ಲಿ ಪ್ರಕಟವಾದ ಈ ದ್ರವವೇ ಮನುಷ್ಯನು ತಯಾರಿಸಿದ ಮೊದಲನೆಯ ಸಾವಯವ ಲೋಹ ಸಂಯುಕ್ತವೆಂದು ಪರಿಗಣಿತವಾಗಿದೆ. ಆರ್ಸೆನಿಕ್ ಶುದ್ಧ ಲೋಹವಲ್ಲ, ಅರೆಲೋಹ; ಆದರೂ ಈ ವಂಶದ ಮೂಲಪುರುಷನ ಸ್ಥಾನ ಅದಕ್ಕೇ ಸಂದಿದೆ.

ಆ ಬಟ್ಟಿಯಲ್ಲಿ ನಡೆದುದಾದರೂ ಏನು? ಕಲಾಯಿಯಿಲ್ಲದ ತಾಮ್ರದ ಪಾತ್ರೆಯಲ್ಲಿ ಹುಳಿಮಜ್ಜಿಗೆಯನ್ನಿಟ್ಟರೆ ಕಿಲುಬೇರುತ್ತದೆಂಬುದನ್ನು ಎಲ್ಲ ಗೃಹಿಣಿಯರೂ ಬಲ್ಲರು. ಮಜ್ಜಿಗೆಯ ಹುಳಿ, ವಿನಿಗರಿನ ಹುಳಿ ಎರಡೂ ಕಾರ್ಬಾಕ್ಸಿಲಿಕ್ ಆಮ್ಲಗಳ ಕುಲಕ್ಕೆ ಸೇರಿದವು. ಈ ಆಮ್ಲಗಳಿಗೆ ಎರಡು ಆಕ್ಸಿಜನ್ ಪರಮಾಣುಗಳೆಂಬ ಎರಡು ಕೈಗಳುಂಟು. ಲೋಹ ಸಿಕ್ಕಿದರೆ ಈ ಕೈಗಳಿಂದಲೇ ಅದನ್ನು ಹಿಡಿಯುತ್ತವೆ. ಇಲ್ಲಿ ಲೋಹದ ನಂಟು ಆಕ್ಸಿಜನ್ನಿನೊಡನೆಯೇ ಹೊರತು ಇಂಗಾಲದೊಡನೆ ಅಲ್ಲ. ಕಾದೆಯ ಬಟ್ಟಿಯಲ್ಲಾದರೋ ಕಾವು ಬಲವಾಗಿ, ಅಸಿಟೇಟು ಎರಡಾಗಿ ಒಡೆಯಿತು. ಆಕ್ಸಿಜನ್ ಹೊತ್ತ ಭಾಗವು ಕಾರ್ಬೊನೇಟು ಮತ್ತು ಇಂಗಾಲದ ಡೈ ಆಕ್ಸೈಡ್ ಆಗಿ ಬೇರ್ಪಟ್ಟಿತು. ಉಳಿದ ಮೀಥೈಲ್ ಗುಂಪಿನ ಇಂಗಾಲವು ಆರ್ಸೆನಿಕ್ಕನ್ನು ನೇರವಾಗಿ ಕೈಹಿಡಿಯಿತು. ಇಂಗಾಲ ಮತ್ತು ಲೋಹಗಳ ಈ ನೇರ ಸಂಬಂಧವೇ ಸಾವಯವ ಲೋಹ ಸಂಯುಕ್ತದ ಲಕ್ಷಣ.

ಈ ದುರ್ಗಂಧದ ದ್ರವವನ್ನು ಮುಟ್ಟುವ ಧೈರ್ಯ ಬಹುಕಾಲ ಹೆಚ್ಚು ಮಂದಿಗೆ ಬರಲಿಲ್ಲ. ಕಡೆಗೆ, 1830ರ ದಶಕದಲ್ಲಿ ಜರ್ಮನಿಯ ರಾಬರ್ಟ್ ಬುನ್ಸೆನ್ ಮುಂದೆ ಬಂದನು. ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಹೊತ್ತಿಸುವ ಬರ್ನರ್ ಈತನ ಹೆಸರಿನದೇ. ದ್ರವದಲ್ಲಿ ಅಡಗಿದ್ದ ಗುಂಪನ್ನು ಆತನು ಗುರುತಿಸಿದನು. ಬರ್ಜೀಲಿಯಸ್ ಅದಕ್ಕೆ ಕಕೋಡಿಲ್ ಎಂದು ಹೆಸರಿಟ್ಟನು. ಗ್ರೀಕ್ ಮೂಲದ ಆ ಹೆಸರಿಗೆ ಕೆಟ್ಟ ನಾತದ್ದು ಎಂದೇ ಅರ್ಥ. ಒಂದು ದಿನ ಕಕೋಡಿಲ್ ಸಯನೈಡ್ ಇದ್ದ ಪಾತ್ರೆ ಸಿಡಿಯಿತು. ಗಾಜಿನ ಚೂರು ತಾಗಿ ಬುನ್ಸೆನ್ನನ ಬಲಗಣ್ಣು ಶಾಶ್ವತವಾಗಿ ಕುರುಡಾಯಿತು. ವಿಷವೇರಿ ಆತನು ಸಾವಿನ ಬಾಗಿಲವರೆಗೂ ಹೋಗಿಬಂದನು. 1834ರಲ್ಲಿ ಬರ್ಟೋಲ್ಡನೊಡನೆ ಸೇರಿ ಪಾಷಾಣಕ್ಕೆ ಪ್ರತ್ಯೌಷಧವನ್ನು ಕಂಡುಹಿಡಿದಿದ್ದವನೇ ಹೀಗೆ ಪಾಷಾಣದ ಬಾಯಿಗೆ ಬಿದ್ದದ್ದು ವಿಧಿಯ ವಿಡಂಬನೆ.

ಆದರೂ ಆ ಕೆಲಸವನ್ನು ಆತನು ನಡುವೆ ಕೈಬಿಡಲಿಲ್ಲ. ಪೂರೈಸಿದ ಬಳಿಕವೇ ಬೇರೆ ವಿಷಯಗಳತ್ತ ತಿರುಗಿದನು. 1860ರಲ್ಲಿ ಕಿರ್ಕಾಫನೊಡಗೂಡಿ ಖನಿಜಜಲವೊಂದರ ವರ್ಣಪಟಲವನ್ನು ಪರೀಕ್ಷಿಸುತ್ತಿರುವಾಗ, ಅದುವರೆಗೆ ಯಾರೂ ಕಾಣದ ನೀಲಿ ಗೆರೆಗಳು ಗೋಚರಿಸಿದವು. ಸೀಸಿಯಂ ಎಂಬ ಹೊಸ ಧಾತು ಹೀಗೆ ಬೆಳಕಿಗೆ ಬಂದಿತು. ಎರಡು ಕಣ್ಣುಳ್ಳವರಿಗೆ ಕಾಣದಿದ್ದುದು ಒಕ್ಕಣ್ಣಿನವನಿಗೆ ಕಂಡಿತು.

ಬುನ್ಸೆನ್ನನ ಬಳಿ ವ್ಯಾಸಂಗ ಮಾಡಿದ ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲಂಡ್ ಸತುವನ್ನು ಇಂಗಾಲದೊಡನೆ ಬೆಸೆದನು. ಪ್ರತಿಯೊಂದು ಧಾತುವಿನ ಪರಮಾಣುವಿಗೂ ಕೂಡುವ ಶಕ್ತಿ ಮಿತವಾದುದೆಂಬ ತತ್ತ್ವವನ್ನು 1852ರಲ್ಲಿ ಸಾರಿದನು. ಇಂದು ಶಾಲೆಯ ಮಕ್ಕಳು ಕಂಠಪಾಠ ಮಾಡುವ ವೇಲೆನ್ಸಿಯ ಪಾಠಕ್ಕೆ ಇಲ್ಲಿಯೇ ತಳಹದಿ ಬಿದ್ದಿತು. 1910ರಲ್ಲಿ ಮಾರುಕಟ್ಟೆಗೆ ಬಂದು ಅಸಂಖ್ಯ ಉಪದಂಶ ರೋಗಿಗಳಿಗೆ ಆಸರೆಯಾದ ಸಾಲ್ವರ್ಸಾನ್ ಆರ್ಸೆನಿಕ್ ಮತ್ತು ಇಂಗಾಲಗಳ ಕೂಟವೇ. ವಿಯೆಟ್ನಾಂ ಯುದ್ಧದಲ್ಲಿ ಬತ್ತದ ಗದ್ದೆಗಳನ್ನು ಒಣಗಿಸಲು ಅಮೆರಿಕನ್ನರು ಚೆಲ್ಲಿದ ಕಕೋಡಿಲಿಕ್ ಆಮ್ಲವೂ ಅದೇ ಕುಲದ್ದು. ಮದ್ದಾಗುವುದೂ ಮಾರಿಯಾಗುವುದೂ ಹಿಡಿದ ಕೈಯ ಗುಣ.

ಈ ಕತೆಗೆ ಇನ್ನೊಂದು ಸೊಗಸಾದ ತಿರುವು ಉಂಟು. ಕಾದೆಯ ಬಟ್ಟಿಯಲ್ಲಿ ಅಸಿಟೇಟು ಒಡೆದು ತನ್ನ ಮೀಥೈಲ್ ಗುಂಪನ್ನು ಧಾರೆಯೆರೆದು ಕೊಟ್ಟಿತಷ್ಟೆ? 1970ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಮೊನ್ಸಾಂಟೋ ಸಂಸ್ಥೆ ಹೂಡಿದ ಕಾರ್ಖಾನೆಯಲ್ಲಿ ಆ ಸಾಲ ತೀರಿತೆನ್ನಬಹುದು. ಅಲ್ಲಿ ಮೀಥೈಲ್ ಗುಂಪು ರೋಡಿಯಂ ಲೋಹವನ್ನು ಕೂಡುತ್ತದೆ. ಇಂಗಾಲದ ಮಾನಾಕ್ಸೈಡ್ ಅವೆರಡರ ನಡುವೆ ಸೇರಿಕೊಳ್ಳುತ್ತದೆ. ಬಳಿಕ ನೀರಿನ ನೆರವಿನಿಂದ ಅಸಿಟಿಕ್ ಆಮ್ಲವಾಗಿ ಹೊರಬರುತ್ತದೆ. ಲೋಹವು ಮತ್ತೆ ಬರಿಗೈಯಾಗಿ ಮುಂದಿನ ಅತಿಥಿಯನ್ನು ಇದಿರ್ಗೊಳ್ಳುತ್ತದೆ. ಇಂದು ಇರಿಡಿಯಂ ಲೋಹವೂ ಇದೇ ಸೇವೆಗೆ ನಿಂತಿದೆ. ಲೋಕದ ಕೈಗಾರಿಕೆಗೆ ಬೇಕಾದ ಅಸಿಟಿಕ್ ಆಮ್ಲದ ಬಹುಪಾಲು ಒದಗುವುದು ಈ ಮಾರ್ಗದಿಂದಲೇ.

ಊಟದ ಮೇಜಿನ ವಿನಿಗರು ಈಗಲೂ ಹುದುಗಿನ ಕೂಸೇ. ಆದರೆ ಅದರ ಹುಳಿ ನಾಲಗೆಗೆ ತಾಗಿದಾಗ, ಅದರ ಬಂಧುವಿನ ಮರ್ಮವನ್ನರಿಯಲು ಒಂದು ಕಣ್ಣನ್ನೇ ತೆತ್ತ ಮನುಷ್ಯನೊಬ್ಬನಿದ್ದನೆಂಬುದನ್ನು ನೆನೆಯುವುದು ಅನುಚಿತವಾಗದು.