ಗ್ವಾಡಿ ಮ್ಯಾಲಿನ ನಾಕು ದೆವ್ವ

ನಮ್ಮ ಪಡಸಾಲ್ಯಾಗ ಕ್ಯಾಲೆಂಡರ್ ಬಾಜೂಕ ನಾಕು ದೆವ್ವ ತೂಗಹಾಕೇವಿ. ಕೆಂಪುದೊಂದು, ಗುಲಾಬಿ ಬಣ್ಣದ್ದೊಂದು, ತಿಳಿನೀಲಿ ಒಂದು, ಕಿತ್ತಳಿ ಒಂದು. ಅವುಗಳ ಮುಂದ ಬಾಯಿ ತಕ್ಕೊಂಡು ಓಡಿಹೊಂಟ ಹಳದಿ ಗುಂಡಪ್ಪ ಒಬ್ಬಾಂವ. ಎಲ್ಲಾ ಕಾಗದದ ಪಟ್ಟಿ ಸುತ್ತಿ ಸುತ್ತಿ ಮಾಡಿದ್ದು, ಕ್ವಿಲ್ಲಿಂಗ್ ಅಂತಾರಲ್ಲ, ಅದು. ಶ್ರಾವಣದಾಗ ಅರಿಶಿನ ಕುಂಕುಮಕ್ಕ ಬಂದವರೆಲ್ಲಾ ಅದರ ಮುಂದ ಒಂದು ಗಳಿಗಿ ನಿಂತ್ರು. "ಏನವಾ ಇದು, ಹಬ್ಬದಾಗ ದೆವ್ವ?" ಅಂದ್ರು. ಎದುರುಮನಿ ವೈನಿ ಅಂತೂ ಕೈಯಾಗಿನ ಉಡಿ ಹಂಗೇ ಹಿಡಕೊಂಡು, "ಇಷ್ಟು ಛಂದ ಕೈಕೆಲಸ ಬರ್ತದ ನಿಮ್ಮ ಮನ್ಯಾಗ, ಒಂದು ನವಿಲು ಮಾಡಬಾರದಿತ್ತ? ಗಣಪತಿ ಮಾಡಬಾರದಿತ್ತ? ಮೊಬೈಲಿನ್ಯಾಗಿನ ಗೇಮ್ ತಂದು ಗ್ವಾಡಿಗೂ ಹಚ್ಚೀದಿ, ಹುಡುಗ ಮತ್ತಷ್ಟು ಅದಕ್ಕ ಅಂಟಿಕೊಳ್ತಾನ ನೋಡು" ಅಂದ್ರು.

ಒಬ್ಬೊಬ್ಬರಿಗೂ ಬಾಗಲದಾಗ ನಿಂತು ಉತ್ತರ ಹೇಳಿ ನನ್ನ ಚಹಾ ಆರಿ ಹೋತು. ಅದಕ್ಕ ಎಲ್ಲಾರಿಗೂ ಕೂಡೇ ಇಲ್ಲಿ ಬರೀಲಿಕ್ಕತ್ತೇನಿ. ವೈನಿ, ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಆದ್ರ ನೀವು ಹೇಳಿದ್ದು ನಂಗ ಒಪ್ಪಿಗಿ ಇಲ್ಲ.

ಆ ಆಟದ ಹೆಸರು ಪ್ಯಾಕ್‌ಮ್ಯಾನ್. ಇದು ನಿನ್ನೆ ಮೊನ್ನೆ ಬಂದದ್ದಲ್ಲ, 1980ರಾಗ ಜಪಾನಿನ ನಾಮ್ಕೋ ಅನ್ನೋ ಕಂಪನಿ ತಗದದ್ದು. ಮಾಡಿದಾಂವ ಟೋರು ಇವಾಟಾನಿ. ಆವಾಗ ಈ ಆಟಗಳೆಲ್ಲ ಮನ್ಯಾಗ ಅಲ್ಲ, ಅಂಗಡಿಯೊಳಗ ದೊಡ್ಡ ಪೆಟ್ಟಿಗಿ ಮುಂದ ನಿಂತು ನಾಣ್ಯ ಹಾಕಿ ಆಡೂವು. ಅಲ್ಲಿ ಬರೇ ಗಂಡುಹುಡುಗರ ಗದ್ದಲ, ಆಟ ಅಂದ್ರ ಗುಂಡು ಹೊಡಿಯೋದು, ವಿಮಾನ ಬೀಳಿಸೋದು. ಹೆಣ್ಣಮಕ್ಕಳೂ ಬಂದು ಆಡೂವಂಥಾದ್ದು ಒಂದು ಬೇಕು ಅಂತ ಇವಾಟಾನಿ ವಿಚಾರ ಮಾಡಿ, ತಿನ್ನೋದರ ಮ್ಯಾಲೆ ಆಟ ಕಟ್ಟಿದ. ಗುಂಡಪ್ಪ ಓಣಿಯೊಳಗ ಚುಕ್ಕಿ ತಿನ್ಕೋತ ಹೋಗಬೇಕು, ದೆವ್ವದ ಕೈಯಾಗ ಸಿಗಬಾರದು, ಅಷ್ಟ. ಹೆಣ್ಣಮಕ್ಕಳಿಗೆ ತಿನ್ನೋದಂದ್ರ ಇಷ್ಟ ಅಂತ ಅವಂಗ ಯಾರು ಹೇಳಿದ್ರೋ ಏನೋ. ನಮಗ ಕೂತು ತಿನ್ನಲಿಕ್ಕೆ ಪುರಸೊತ್ತು ಎಲ್ಲಿರ್ತದ! ಆದ್ರೂ ನಮ್ಮನ್ನ ನೆನಪಿಟ್ಟುಕೊಂಡು ಮಾಡಿದ ಆಟ ಅನ್ನೋದು ಗೊತ್ತಾದ ಮ್ಯಾಲೆ ನಂಗ ಅದರ ಮ್ಯಾಲಿನ ಅರ್ಧ ಸಿಟ್ಟು ಇಳೀತು. ನಮ್ಮ ಕಾಲಕ್ಕ ಟಿವಿಗೆ ಹಚ್ಚೋ ಕ್ಯಾಸೆಟ್ ಗೇಮ್ ಬಂದಾಗ ಅಣ್ಣ ಆಡ್ತಿದ್ದ, ನಾ ಬಾಜೂಕ ಕೂತು ಬಟಾಣಿ ಸುಲೀತಿದ್ದೆ. ಒಂದು ಸಲಾನೂ ನನ್ನ ಕೈಗೆ ಕೊಟ್ಟಿದ್ದಿಲ್ಲ.

ಇನ್ನ ಕ್ವಿಲ್ಲಿಂಗ್ ಸುದ್ದಿ. ಇದೂ ನಮ್ಮ ಝುಮಕಿ ಕ್ಲಾಸಿನ್ಯಾಗ ಹುಟ್ಟಿದ್ದಲ್ಲ. ನೂರಾರು ವರ್ಷದ ಹಿಂದ ಯುರೋಪಿನ ಮಠದಾಗ ಸನ್ಯಾಸಿನಿಯರು ಬಂಗಾರದ ಅಂಚಿನ ಕಾಗದದ ಪಟ್ಟಿ ಸುತ್ತಿ ತಮ್ಮ ಸಂತರ ಪಟಕ್ಕ, ಪೆಟ್ಟಿಗಿಗೆ ಅಲಂಕಾರ ಮಾಡ್ತಿದ್ರು. ಸುತ್ತಲಿಕ್ಕೆ ಪಕ್ಷಿ ಗರಿ, ಅದಕ್ಕ ಆ ಹೆಸರು. 18ನೇ ಶತಮಾನದಾಗ ಇಂಗ್ಲೆಂಡಿನ ದೊಡ್ಡ ಮನಿ ಹೆಣ್ಣಮಕ್ಕಳು ಇದನ್ನ ಹಿಡಿದ್ರು. ಜೇನ್ ಆಸ್ಟಿನ್ ಬರದ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಕಾದಂಬರ್ಯಾಗ ಒಂದು ಸಣ್ಣ ಹುಡುಗಿಗೆ ಕಾಗದದ ಬುಟ್ಟಿ ಮಾಡಿಕೊಡೋ ಪ್ರಸಂಗ ಬರ್ತದ. ಒಬ್ಬಾಕಿ ಬುಟ್ಟಿ ಮಾಡ್ತಿರ್ತಾಳ, ಇನ್ನೊಬ್ಬಾಕಿ "ನಾ ಪಟ್ಟಿ ಸುತ್ತಿ ಕೊಡ್ತೇನಿ" ಅಂತ ಬಾಜೂಕ ಬಂದು ಕೂಡ್ತಾಳ. ಖರೇ ಹೇಳಬೇಕಂದ್ರ ಆಕಿಗೆ ಬೇಕಾಗಿದ್ದದ್ದು ಗುಟ್ಟಿನ ಮಾತು. ನಾವು ಶಾವಿಗಿ ಹೊಸೀಲಿಕ್ಕೆ ಕೂತಾಗ ಏನೇನು ಮಾತಾಡ್ತೇವಿ ನೆನಸ್ಕೋರಿ, ಹಂಗ.

ಸನ್ಯಾಸಿನಿಯರ ಕಣ್ಣ ಮುಂದ ಸಂತರಿದ್ರು, ಸಂತರನ್ನ ಸಿಂಗರಿಸಿದ್ರು. ನಮ್ಮ ಕಣ್ಣ ಮುಂದ ನವಿಲು, ಕಮಲ, ಗಣಪತಿ ಇದ್ದಾವ, ನಾವು ಅವನ್ನ ಮಾಡ್ತೇವಿ. ಆರನೇತ್ತಾ ಓದೋ ಹುಡುಗನ ಕಣ್ಣ ಮುಂದ ಪ್ಯಾಕ್‌ಮ್ಯಾನ್ ಇದ್ದಾನ. ಅಂವಾ ಅದನ್ನ ಮಾಡಿದ್ರ ಕೈಕೆಲಸಕ್ಕ ಮೈಲಿಗಿ ಆಗ್ತದೇನು? ನವಿಲು ಮಾಡು ಅಂತ ಕೂಡಿಸಿದ್ರ ಹತ್ತು ನಿಮಿಷಕ್ಕ ಎದ್ದು ಹೋಗ್ತಿದ್ದ. ಇದಕ್ಕ ಎಂಟು ದಿನ ಕೂತ.

ಸಾಲ್ಯಾಗ ಕಾಗದದ ಕೆಲಸದ ಪ್ರದರ್ಶನ ಇತ್ತು. ಅದಕ್ಕ ಶುರು ಆತು ಇದು. ಮೊದಲನೇ ದಿನಾನೇ ಪೆಟ್ಟು. ಹಳದಿ ಪಟ್ಟಿ ಒಂದಕ್ಕೊಂದು ಅಂಟಿಸಿ, ಬಿಗಿ ಸುತ್ತಿ ಒಂದು ದೊಡ್ಡ ಬಿಲ್ಲೆ ಮಾಡಿದ. ಭಾಳ ಛಲೋ ಬಂದಿತ್ತು. ಇನ್ನ ಬಾಯಿ ಆಗಬೇಕಲ್ಲ, ಕತ್ರಿ ತಗೊಂಡು ಒಂದು ತುಂಡು ಕತ್ತರಿಸಿದ. ಅಷ್ಟ, ಇಡೀ ಬಿಲ್ಲೆ ಸುರುಳಿ ಸುರುಳಿ ಬಿಚ್ಚಿ ಉಳ್ಳಾಗಡ್ಡಿ ಹೆಚ್ಚಿದಂಗ ಎಳಿ ಎಳಿ ಆಗಿ ಮಡ್ಯಾಗ ಬಿತ್ತು. ಸುತ್ತಿದ ಕಾಗದ ಸುತ್ತಿದ್ದಕ್ಕ ನಿಂತಿರ್ತದ, ಕತ್ತರಿಸಿದ್ರ ಅದಕ್ಕ ಆಧಾರನೇ ಇಲ್ಲ. ಅಳೂ ಹಂಗಾಗಿದ್ದ.

ಆಮ್ಯಾಲೆ ತಾನೇ ಹಾದಿ ಹುಡುಕಿದ. ಇವಾಟಾನಿ ಒಂದು ತುಂಡು ತಗದ ಪಿಜ್ಜಾ ನೋಡಿದಾಗ ಈ ರೂಪ ಹೊಳೀತು ಅಂತ ಹೇಳಿಕೊಂಡಾನ. ಬಾಯಿ ಅನ್ನೋ ಅರ್ಥದ ಜಪಾನೀ ಅಕ್ಷರ ಚೌಕ ಇರ್ತದ, ಅದನ್ನ ದುಂಡು ಮಾಡಿದ್ದೂ ಹೌದಂತ. ಮಗ ಪಿಜ್ಜಾದ ಸುದ್ದಿ ಹಿಡಕೊಂಡ. "ಅಮ್ಮ, ನೀ ಹೂವಿಗೆ ಎಂಟು ಎಸಳು ಮಾಡ್ತಿಯಲ್ಲ, ಏಳs ಮಾಡಿದ್ರ?" ಅಂದ. ನೋಡ್ರಿ, ನಾ ಎಷ್ಟು ವರ್ಷದಿಂದ ಆ ಹನಿ ಆಕಾರದ ಎಸಳು ಮಾಡೇನಿ, ಸಡಿಲ ಸುತ್ತಿ ಒಂದು ಕಡೆ ಚಿವುಟಿದ್ರ ಆತು. ಎಂಟು ಎಸಳಿನ ಹೂವಿನ್ಯಾಗ ಒಂದು ಎಸಳು ಬಿಟ್ರ ಪ್ಯಾಕ್‌ಮ್ಯಾನ್ ಬಾಯಿ ತಕ್ಕೊಂಡು ಕೂತಾನ ಅನ್ನೋದು ನಂಗ ಹೊಳೀಲಿಲ್ಲ. ಚಿವುಟಿದ ತುದಿ ಎಲ್ಲಾ ನಡುವಕ್ಕ, ಸುತ್ತ ಒಂದು ದಪ್ಪ ಹಳದಿ ಪಟ್ಟಿ ಅಂಚಿನಂಗ ನಿಲ್ಲಿಸಿ ಅಂಟಿಸಿದ. ಮುಗೀತು.

ಮಾಡೋರಿದ್ರ ಒಂದೆರಡು ಮಾತು ಹೇಳಿಬಿಡ್ತೇನಿ. ಸುತ್ತೋ ಕಡ್ಡಿ ಕೊಳ್ಳೋದೇ ಬೇಕಂತಿಲ್ಲ, ಉರದ ಉದಬತ್ತಿಯ ಕಡ್ಡಿ ತುದಿ ಬ್ಲೇಡಿನಿಂದ ಸೀಳಿದ್ರ ಪಟ್ಟಿ ಸಿಗ್ತದ. ಚುಕ್ಕಿಗೆ 3 ಮಿಲಿಮೀಟರಿನ ಪಟ್ಟಿ ಅರ್ಧ ಸಾಕು, ಉಳದದ್ದಕ್ಕ 5 ಮಿಲಿಮೀಟರ್ ಇದ್ರ ಎತ್ತರ ಬರ್ತದ. ದೆವ್ವದ ಅಂಚಿನ ಪಟ್ಟಿ ಮೊದಲ ನಿಲ್ಲಿಸಬೇಕು, ತಲಿ ಕಮಾನು, ಕೆಳಗ ಅಲಿ ಅಲಿ, ಆಮ್ಯಾಲೆ ಒಳಗ ಸಡಿಲ ಸುರುಳಿ ತುಂಬಬೇಕು. ಕಣ್ಣಿಗೆ ಬಿಳಿ ಬಿಲ್ಲೆ, ಅದರ ಮ್ಯಾಲೆ ನೀಲಿ ಚುಕ್ಕಿ. ಅಂಟು ಹಲ್ಲುಕಡ್ಡಿ ತುದೀಲೆ ಹಚ್ಚಬೇಕು, ಬಾಟಲಿಂದ ಸುರದ್ರ ಒಣಗಿದ ಮ್ಯಾಲೆ ಮಿರಿಮಿರಿ ಕಾಣ್ತದ. ಮತ್ತ ಮಳಿಗಾಲದಾಗ ಪಟ್ಟಿ ತಂಪು ಹಿಡದು ಮೆತ್ತಗಾಗ್ತಾವ, ಸುರುಳಿ ನಿಲ್ಲೂದಿಲ್ಲ, ಡಬ್ಬ್ಯಾಗ ಮುಚ್ಚಿಡ್ರಿ. ಚೌಕಟ್ಟು ಕೇಳೋರಿಗೆ: ಅದು ಪೇಢೆ ಡಬ್ಬಿ ಮುಚ್ಚಳ. ಒಳಗ ಕರೀ ಕಾಗದ ಅಂಟಿಸೇವಿ. ಸಾದಾ ಫೋಟೋ ಕಟ್ಟಿನ ಗಾಜು ಸುರುಳಿ ಮ್ಯಾಲೆ ಕೂತು ಒತ್ತತದ, ಮುಚ್ಚಳಕ್ಕ ತಾನೇ ಅಂಚು ಇರ್ತದ.

ತಿಳಿನೀಲಿ ಪಟ್ಟಿ ಮನ್ಯಾಗ ಇದ್ದಿಲ್ಲ. ಕಡುನೀಲಿ ಹಚ್ಚು ಅಂದೆ, ಯಾರಿಗೆ ತಿಳೀತದ? "ಅಮ್ಮ, ಕಡುನೀಲಿ ದೆವ್ವ ಅಂದ್ರ ಹೆದರಿದ ದೆವ್ವ. ಗುಂಡಪ್ಪ ದೊಡ್ಡ ಚುಕ್ಕಿ ತಿಂದ ಮ್ಯಾಲೆ ಆಗೋದು. ಈ ದೆವ್ವ ಹೆದರಿಲ್ಲ" ಅಂದ. ಮಳ್ಯಾಗ ಛತ್ರಿ ಹಿಡಕೊಂಡು ಹೋಗಿ ತಂದೆ. ಆಟದಾಗ 240 ಸಣ್ಣ ಚುಕ್ಕಿ, 4 ದೊಡ್ಡು ಇರ್ತಾವಂತ, ಅಷ್ಟೂ ಮಾಡ್ತೇನಿ ಅಂತ ಕೂತಿದ್ದ. ನಲವತ್ತಕ್ಕ ಬೆರಳು ಸೋತು ಬಿಟ್ಟ. ದಿನಾ ಸಂಜೀಕ ನಮ್ಮ ಅತ್ತಿಗೆ ದೆವ್ವಗಳ ಗುಣಾ ಹೇಳ್ತಿದ್ದ. ಕೆಂಪುದು ಬೆನ್ನ ಹತ್ತಿ ಬರ್ತದ, ಗುಲಾಬಿದು ಮುಂದ ಹೋಗಿ ಹಾದಿ ಕಾಯ್ತದ, ತಿಳಿನೀಲಿ ಏನು ಮಾಡ್ತದ ಅಂತ ಹೇಳಲಿಕ್ಕೆ ಬರೂದಿಲ್ಲ, ಕಿತ್ತಳಿದು ಜೋರಲೆ ಬರ್ತದ, ಹತ್ರ ಬಂದ ಕೂಡಲೇ ತಿರುಗಿ ಓಡ್ತದ. ಅತ್ತಿ ಕನ್ನಡಕ ಏರಿಸಿ, "ಇದು ನಮ್ಮ ಮೈದುನ ನೋಡು, ಬೀಗರ ಜಗಳಕ್ಕ ಹಿಂಗs ಹೋಗ್ತಿದ್ದ" ಅಂದ್ರು. ಮಡಿ ಮೈಲಿಗಿ ಅಂತ ದೆವ್ವದ ಹೆಸರು ಎತ್ತಿದ್ರ ಬೈಯ್ಯೂವಾಕಿ, ಮರುದಿನ ತಾನೇ ಎರಡು ಚುಕ್ಕಿ ಸುತ್ತಿಕೊಟ್ರು.

ಈಗ ನಾ ಮಾಡಿದ ತಪ್ಪಿಗೆ ಬರ್ತೇನಿ. ಇದು ಬರೀಲಿಕ್ಕೆ ಕೂತದ್ದೇ ಇದಕ್ಕ.

ಪ್ರದರ್ಶನದ ಹಿಂದಿನ ರಾತ್ರಿ ಅಂವಾ ಮಲಗಿದ ಮ್ಯಾಲೆ ನಾ ಅದನ್ನ ತಗೊಂಡು ನೋಡ್ಕೋತ ಕೂತೆ. ಮೂರು ದೆವ್ವ ಪರವಾಗಿಲ್ಲ. ಗುಲಾಬಿದು ಮಾತ್ರ ಒಂದು ಕಡೆ ವಾಲಿತ್ತು, ಕೆಳಗಿನ ಅಲಿ ಸಮ ಇದ್ದಿಲ್ಲ, ಕಣ್ಣು ಎರಡೂ ಮ್ಯಾಲೆ ಎತ್ತಲೋ ನೋಡ್ತಿದ್ದು. ಉಳದವರ ಮನಿ ಮಕ್ಕಳದ್ದು ಅವರ ತಾಯಂದಿರು ಮಾಡಿಕೊಟ್ಟಿರ್ತಾರ, ನಮ್ಮದು ಹಿಂಗ ಕಾಣಬಾರದು ಅನ್ನಿಸ್ತು. ಚಾಕು ತುದೀಲೆ ಅದನ್ನ ಎಬ್ಬಿಸಿ ತಗದೆ. ಹನ್ನೆರಡರ ತನಕ ಕೂತು ಹೊಸಾದು ಮಾಡಿದೆ. ಅಳತಿ ಹಚ್ಚಿದಂಗ ಬಂತು. ಕಣ್ಣು ನೆಟ್ಟಗ ಮುಂದ. ಹಳೇದನ್ನ ಕಸದ ಬುಟ್ಟಿಗೆ ಹಾಕಿದೆ.

ಮುಂಜಾನೆ ಅಂವಾ ಹಲ್ಲುಜ್ಜಿ ಬಂದು ನೋಡಿದ. ಒದರಲಿಲ್ಲ, ಅಳಲಿಲ್ಲ. "ಇದು ಯಾಕ ಮುಂದ ನೋಡ್ತದ?" ಅಂದ. ನಾ "ಸೊಟ್ಟ ಆಗಿತ್ತಪಾ, ಸರಿ ಮಾಡೇನಿ" ಅಂದೆ. "ಸೊಟ್ಟ ಅಲ್ಲ. ಆಟದಾಗ ದೆವ್ವ ಯಾವ ಕಡೆ ಹೊಳ್ಳತದೋ ಆ ಕಡೆ ಕಣ್ಣು ಮೊದಲ ಹೋಗ್ತಾವ. ಗುಲಾಬಿದು ಮ್ಯಾಲಿನ ಓಣಿಯಿಂದ ಸುತ್ತು ಹಾಕಿ ಮುಂದ ಬರಬೇಕು, ಅದಕ್ಕ ಮ್ಯಾಲೆ ನೋಡ್ತಿತ್ತು" ಅಂದ. ನಾ ಓಡಿ ಹೋಗಿ ಬುಟ್ಟಿ ನೋಡಿದೆ. ಕಸದ ಗಾಡಿ ಬಂದು ಹೋಗಿತ್ತು.

ವಾಲಿದ್ದು, ಅಲಿ ಸಮ ಇರಲಾರದ್ದು ಕೈಯ ತಪ್ಪೇ ಇರಬಹುದು. ಕಣ್ಣು ತಪ್ಪಲ್ಲ. ಎಂಟು ದಿನ ಬಾಜೂಕ ಕೂತು ದೆವ್ವದ ಗುಣಾ ಕೇಳಿದಾಕಿ ನಾನೇ, ನಂಗೇ ತಿಳೀಲಿಲ್ಲ. ಕೇಳಿದ್ರ ಹೇಳ್ತಿದ್ದ. ಕೇಳೋದನ್ನ ಬಿಟ್ಟು ರಾತ್ರೋರಾತ್ರಿ ತಿದ್ದಿದೆ.

ಸಾಲ್ಯಾಗ ಟೀಚರ್ ನೋಡಿ ಭಾಳ ಮೆಚ್ಚಿಕೊಂಡ್ರಂತ, ಅದರಾಗೂ ಆ ಗುಲಾಬಿದನ್ನ. "ಎಲ್ಲಾ ನೀನೇ ಮಾಡಿದ್ದೇನು?" ಅಂದ್ರ, "ಮೂರು ನಂದು, ಇದು ನಮ್ಮ ಅಮ್ಮಂದು" ಅಂದನಂತ. ಅಲ್ಲೇ ಇದ್ದ ಬಾಜೂಮನಿ ಹುಡುಗಿ ಬಂದು ಹೇಳಿದ್ದು ಇದು. ಅಂವಾ ಮನೀಗೆ ಬಂದು ಏನೂ ಹೇಳಲಿಲ್ಲ, ಡಬ್ಬಿ ಟೇಬಲ್ ಮ್ಯಾಲೆ ಇಟ್ಟು ಆಡಲಿಕ್ಕೆ ಹೋದ.

ಅದಕ್ಕ ವೈನಿ, ದೆವ್ವ ಯಾಕ ಅಂತ ಕೇಳಬ್ಯಾಡ್ರಿ. ನಮ್ಮ ಓಣ್ಯಾಗ ಕೇಳಬೇಕಾದ ಪ್ರಶ್ನೆ ಬ್ಯಾರೆ ಅದ. ಸಾಲಿ ಪ್ರದರ್ಶನದಾಗ ಇಟ್ಟ ನವಿಲು, ಗಣಪತಿ, ತಾಜಮಹಲ್ ಎಷ್ಟು ಮಕ್ಕಳ ಕೈಯವು, ಎಷ್ಟು ನಮ್ಮ ಕೈಯವು? ಅಂಗಡ್ಯಾಗ ಎಲ್ಲಾ ಕತ್ತರಿಸಿ, ಗೆರಿ ಹೊಡದು ಕೊಡೋ ಕಿಟ್ ತಂದು ಅಂಟಿಸಿ ಕಳಸ್ತೇವಿ, ಫೋಟೋ ತಗೊಂಡು ಗ್ರೂಪಿಗೆ ಹಾಕ್ತೇವಿ. ಮಕ್ಕಳು ನಿಂತು ನೋಡ್ತಾವ. ನಾನೂ ಅದೇ ಸಾಲಿನಾಕಿ, ಹೊರಗ ನಿಂತು ಹೇಳಲಿಕ್ಕತ್ತಿಲ್ಲ.

ಇನ್ನೊಂದು ಖರೇ ಮಾತು. ಕಾಗದ ಸುತ್ತಿದ ಮ್ಯಾಲೆ ಹುಡುಗ ಮೊಬೈಲ್ ಬಿಟ್ಟಾನೇನು ಅಂತ ತಂಗಿ ಫೋನಿನ್ಯಾಗ ಕೇಳಿದ್ಲು. ಇಲ್ಲವಾ. ಈಗೂ ಆಡ್ತಾನ, ನಾ ಈಗೂ ಬೈತೇನಿ, ರಾತ್ರಿ ಎಂಟಕ್ಕ ಕಸದು ಇಟ್ಟುಕೊಳ್ತೇನಿ. ಅದಕ್ಕ ಔಷಧ ಅಂತ ಇದನ್ನ ಮಾಡ್ಲಿಕ್ಕೆ ಹೋಗಬ್ಯಾಡ್ರಿ, ನಿರಾಶಾ ಆಗ್ತದ. ನಂಗ ಆದದ್ದೇನಂದ್ರ, ಅಂವಾ ಆಡೋದು ಏನು ಅಂತ ಈಗ ಗೊತ್ತದ. ಮೊದಲ "ಆ ದರಿದ್ರ ಗೇಮ್" ಅಂತಿದ್ದೆ, ಈಗ "ಕಿತ್ತಳಿ ದೆವ್ವ ಬಂತೇನೋ" ಅಂತೇನಿ. ಒಂದು ಸಲ ಅವನೇ ಕರದು ಕೈಗೆ ಕೊಟ್ಟ. ಅಣ್ಣ ಕೊಡಲಾರದ್ದು ಮಗ ಕೊಟ್ಟ ನೋಡ್ರಿ. ಅರ್ಧ ನಿಮಿಷಕ್ಕ ಕೆಂಪು ದೆವ್ವ ಹಿಡದು ಸತ್ತೆ.

ಈಗ ನನ್ನ ತಂಗಿ ಮಗಳಿಗೆ ಹುಟ್ಟಿದಹಬ್ಬಕ್ಕ ಇನ್ನೊಂದು ಮಾಡಲಿಕ್ಕತ್ತಾನ. ಪ್ಯಾಕ್‌ಮ್ಯಾನ್ ಆದ ಮ್ಯಾಲೆ ಅಮೇರಿಕಾದಾಗ ಮಿಸ್ ಪ್ಯಾಕ್‌ಮ್ಯಾನ್ ಅಂತ ಬಂತು, ತಲಿ ಮ್ಯಾಲೆ ಕೆಂಪು ರಿಬ್ಬನ್. ಏಳು ಎಸಳು, ಒಂದು ರಿಬ್ಬನ್. ನಂಗ ಬರೇ ಪಟ್ಟಿ ಕತ್ತರಿಸೋ ಕೆಲಸ ಕೊಟ್ಟಾನ. ಅಂಟಿನ ಬಾಟಲಿ ರಾತ್ರಿ ಮಲಗೂ ಮುಂದ ತನ್ನ ಪಾಟೀಚೀಲದಾಗ ಇಟ್ಟುಕೊಂಡು ಮಲಗ್ತಾನ.