ಭೂಮಿಯ ಉಪ್ಪು, ನಮ್ಮೂರ ಚೌಳು

ಕಳೆದ ತಿಂಗಳ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ನನ್ನ ಬಗ್ಗೆ ಬರೆದ ಮಾತು: 'ಸಾಲ್ಟ್ ಆಫ್ ದಿ ಅರ್ಥ್'. ಪ್ರಮೋಷನ್ ಮಾತ್ರ ಬೇರೆಯವರಿಗೆ ಹೋಯ್ತು.

ಆ ವಾರ ಹಿರಿಯೂರಿಗೆ ಹೋದಾಗ ದೊಡ್ಡಪ್ಪ, "ಏನಂದ್ರಪ್ಪ ನಿಮ್ಮ ಸಾಹೇಬ್ರು?" ಅಂತ ಕೇಳಿದರು. ಪದಕ್ಕೆ ಪದ ಕನ್ನಡ ಮಾಡಿ "ಭೂಮಿಯ ಉಪ್ಪು ಅಂದ್ರು" ಅಂದೆ.

"ಚೌಳು ಅಂದ್ರಾ? ಹಂಗಾದ್ರೆ ಬೈದವ್ರೆ ಕಣೋ!"

ಅವರ ತಪ್ಪಲ್ಲ. ವಾಣಿವಿಲಾಸ ಸಾಗರದ ನಾಲೆ ಬಯಲಿನ ಕಪ್ಪು ನೆಲದವರು ಅವರು. ನೀರು ಬಸಿಯದೆ ನಿಂತರೆ ಕೆಳಗಿನ ಲವಣ ತೇವದ ಜೊತೆ ಮೇಲಕ್ಕೆ ಬರುತ್ತೆ. ಬಿಸಿಲಿಗೆ ನೀರು ಆರುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಹೊಲ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗಿ, ಬಿತ್ತಿದ್ದು ಸರಿಯಾಗಿ ಹುಟ್ಟೋದೇ ಇಲ್ಲ. 2022ರಲ್ಲಿ, 1933ರ ನಂತರ ಮೊದಲ ಸಲ ಡ್ಯಾಂ ಕೋಡಿ ಬಿದ್ದಾಗ ಊರೆಲ್ಲ ನೋಡೋಕೆ ಹೋಗಿತ್ತು. ದೊಡ್ಡಪ್ಪನೂ ಹೋಗಿ ಕೈಮುಗಿದು ಬಂದರು. ಮಾರನೇ ದಿನವೇ ಬಸಿಗಾಲುವೆಯ ಹೂಳು ತೆಗೆಯೋಕೆ ನಿಂತರು, ಪಕ್ಕದವರ ಹೊಲದ ಪಾಲನ್ನೂ ಸೇರಿಸಿ.

ಇಂಗ್ಲಿಷಿನ ಆ ಮಾತು ಬಂದಿದ್ದು ಬೈಬಲ್ಲಿನಿಂದ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ತನ್ನ ಜೊತೆಗಿದ್ದವರನ್ನು ಉಪ್ಪಿಗೆ ಹೋಲಿಸುತ್ತಾನೆ. ಉಪ್ಪು ಸಪ್ಪೆಯಾದರೆ ಬೀದಿಗೆ ಎಸೆಯೋದೇ ಗತಿ ಅಂತಲೂ ಎಚ್ಚರಿಸುತ್ತಾನೆ. ಈಗಿನ ಬಳಕೆಯಲ್ಲಿ ಅದರರ್ಥ ಆಡಂಬರವಿಲ್ಲದ, ನಂಬಬಹುದಾದ, ನೇರ ಮನುಷ್ಯ. (ಕಂಪನಿಯ ಸಿಇಒಗೆ ಯಾರೂ ಹೀಗೆ ಹೇಳಿದ್ದನ್ನ ನಾನಂತೂ ಕೇಳಿಲ್ಲ.)

ಕನ್ನಡದಲ್ಲಿ ಉಪ್ಪು ಮನುಷ್ಯನ ಗುಣ ಅಲ್ಲ, ಋಣ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅನ್ನೋದು ಅದಕ್ಕೇ. ಹಾಗಾದರೆ ಆ ಮನುಷ್ಯನನ್ನ ನಾವೇನಂತೀವಿ? ಹೊಸದುರ್ಗದ ನಮ್ಮತ್ತೆಯನ್ನ ಫೋನಲ್ಲಿ ಕೇಳಿದೆ. "ನಾಕು ಜನಕ್ಕೆ ಬೇಕಾದೋನು ಅಂತೀವಪ್ಪ" ಅಂದರು. ನನಗೆ ಇಂಗ್ಲಿಷಿಗಿಂತ ಇದೇ ಸರಿ ಅನ್ನಿಸಿತು. ಬಸಿಗಾಲುವೆ ನೆನಪಾಯ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ದೊಡ್ಡಮ್ಮ, "ಸಾರಿಗೆ ಉಪ್ಪು ಸರಿಯಾಗಿದ್ರೆ ಈ ಮನೇಲಿ ಯಾರಾದ್ರೂ ಒಂದಿನ ಹೊಗಳಿದ್ದೀರಾ? ಕಮ್ಮಿಯಾದ ದಿನ ಮಾತ್ರ ಕೂಗ್ತೀರ" ಅಂದರು. ದೊಡ್ಡಪ್ಪ ತಟ್ಟೆ ನೋಡ್ತಾ ಸುಮ್ಮನಾದರು. ನಾನೂ.

ನಾಲ್ಕು ವರ್ಷದಿಂದ ರಾತ್ರಿ ಸರ್ವರ್ ಬಿದ್ದರೆ ಎದ್ದು ಕೂರೋನು ನಾನು. ಅದನ್ನ ಬಾಯಿಬಿಟ್ಟು ಹೇಳೋದು ಜಂಭ ಅಂದ್ಕೊಂಡಿದ್ದೆ. ಸೋಮವಾರ ಮ್ಯಾನೇಜರ್‌ಗೆ ಮೆಸೇಜ್ ಹಾಕಿದೆ: ಹೊಗಳಿಕೆಗೆ ಥ್ಯಾಂಕ್ಸ್, ಮುಂದಿನ ಪ್ರಮೋಷನ್‌ಗೆ ಈ ಕೆಲಸ ಲೆಕ್ಕಕ್ಕೆ ಬರುತ್ತಾ?

ಗುರುವಾರ ಮೂರು ಗಂಟೆಗೆ ಮೀಟಿಂಗ್ ಇಟ್ಟಿದ್ದಾರೆ.